ಪದಚರ್ಚೆ: ಕೆಲಸ ಪೂರ್ತಿಯಾಗದೆ ಉಳಿದ ಕಟ್ಟಡಕ್ಕೆ ಏನೆನ್ನಬೇಕು?

ಮಂಗಳೂರಿನಿಂದ ಪ್ರಶ್ನೆ

ಮಾನ್ಯರೇ, ನಮ್ಮ ಕಾಲೇಜಿನ ಛಾಯಾಚಿತ್ರ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಬರೆಯುವ ಹೊಣೆ ನನ್ನ ಮೇಲಿದ್ದು, ನಾಳೆ ಬೆಳಿಗ್ಗೆಯೇ ಅವು ಮುದ್ರಣಕ್ಕೆ ಹೋಗಬೇಕಾಗಿದೆ. ಜಗತ್ತಿನ ಹೆಸರಾಂತ ಕಟ್ಟಡಗಳಲ್ಲಿ ಪೂರ್ತಿಯಾಗದೆ ಉಳಿದವುಗಳೇ ಪ್ರದರ್ಶನದ ವಿಷಯ. 1882ರಲ್ಲಿ ಆರಂಭವಾಗಿ ಇಂದಿಗೂ ಕೆಲಸ ನಡೆಯುತ್ತಿರುವ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಇಗರ್ಜಿ (ಚರ್ಚು), 1987ರಲ್ಲಿ ತೊಡಗಿ ಹೊರಮೈಗೆ ಗಾಜು ಹೊದಿಸಿದ ಮೇಲೂ ಅತಿಥಿಗಳನ್ನು ಕಾಣದ ಉತ್ತರ ಕೊರಿಯಾದ ಪ್ಯೊಂಗ್ಯಾಂಗಿನ ರ್ಯುಗ್ಯೊಂಗ್ ಹೋಟೆಲ್, ದೆಹಲಿಯ ಅಲಾಯಿ ಮಿನಾರ್, ಇವೆಲ್ಲವೂ ಅದರಲ್ಲಿವೆ. ‘ಅಪೂರ್ಣ ಕಟ್ಟಡಗಳು’ ಎಂಬ ಶೀರ್ಷಿಕೆ ನನಗೆ ಒಪ್ಪಿಗೆಯಾಗುತ್ತಿಲ್ಲ. ತಮ್ಮ ಸಲಹೆಯೇನು?

ಉಡುಪಿಯಿಂದ ಉತ್ತರ

‘ಅಪೂರ್ಣ’ ಬೇಡವೇ ಬೇಡ. ‘ಅರೆಗಟ್ಟಡ’ ಎಂದು ಬರೆಯಿರಿ. ತಮಿಳಿನ ‘ಅರೈ’, ತೆಲುಗಿನ ‘ಅರ’ಗಳ ಒಡಹುಟ್ಟಾದ ‘ಅರೆ’ ನಮ್ಮದು, ‘ಕಟ್ಟಡ’ವೂ ನಮ್ಮದು, ಆದೇಶಸಂಧಿ ಸರಿಯಾಗಿದೆ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ದೋಷ ಹತ್ತಿರ ಸುಳಿಯುವುದಿಲ್ಲ. ‘ಇಗರ್ಜಿ’ಯನ್ನೂ ಕೈಬಿಟ್ಟು ‘ಕ್ರಿಸ್ತನ ಗುಡಿ’ ಎನ್ನಿ. ಕನ್ನಡದಲ್ಲಿ ಪದವಿರುವಾಗ ಸಾಲ ಏಕೆ?

ಮಂಗಳೂರಿನಿಂದ ಇನ್ನೊಂದು ಉತ್ತರ

ಸಂಧಿ ಸರಿಯಾಗಿದ್ದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ. ಅರೆಬೆಂದ ಅನ್ನ, ಅರೆಮನಸ್ಸು, ಅರೆಬರೆ ಕೆಲಸ ಎನ್ನುವಾಗ ‘ಅರೆ’ಯು ಅಳತೆಯೊಂದನ್ನೇ ಹೇಳದೆ ಮಾಡಿದವರ ಕೊರತೆಯನ್ನೂ ಸೂಚಿಸುತ್ತದೆ. 1339ರಲ್ಲಿ ಇಟಲಿಯ ಸಿಯೆನಾ ಊರಿನ ಜನರು, ಆಗಲೇ ಇದ್ದ ತಮ್ಮ ದೊಡ್ಡ ಇಗರ್ಜಿಯು ಶಿಲುಬೆಯಾಕಾರದ ಹೊಸದರ ಅಡ್ಡತೋಳು ಮಾತ್ರವಾಗುವಷ್ಟು ವಿಶಾಲವಾದ ಇಗರ್ಜಿಯೊಂದನ್ನು ಕಟ್ಟಲು ತೊಡಗಿದರು. 1348ರ ಪ್ಲೇಗು ಊರನ್ನೇ ಬರಿದು ಮಾಡಿತು. ಅಂದಿನ ಕಮಾನುಗಳೂ ಎತ್ತರದ ಒಂದು ಮುಂಗೋಡೆಯೂ ಇಂದಿಗೂ ಹಾಗೆಯೇ ನಿಂತಿವೆ. ಕಟ್ಟುವವರೇ ಸಾವಿಗೀಡಾದ ಆ ಕೆಲಸವನ್ನು ಅರೆಬರೆಯ ಸಾಲಿಗೆ ಸೇರಿಸಲು ನಾನು ಒಪ್ಪುವುದಿಲ್ಲ. ಅಳತೆಯ ಲೆಕ್ಕದಲ್ಲಿಯೂ ‘ಅರೆ’ ಇಲ್ಲಿ ನಿಲ್ಲದು: ಅಲಾವುದ್ದೀನ್ ಖಿಲ್ಜಿ ಕುತುಬ್ ಮಿನಾರಿನ ಇಮ್ಮಡಿ ಎತ್ತರಕ್ಕೆಂದು ತೊಡಗಿಸಿದ ಅಲಾಯಿ ಮಿನಾರ್, 1316ರಲ್ಲಿ ಅವನು ತೀರಿಕೊಂಡ ಬಳಿಕ ಅರ್ಧವನ್ನೂ ಮುಟ್ಟದೆ ಸುಮಾರು 25 ಮೀಟರಿಗೇ ನಿಂತುಹೋಯಿತು.

‘ಅಪೂರ್ಣ’ವು ಸಂಸ್ಕೃತವೆಂಬುದು ನನ್ನ ಆಕ್ಷೇಪವಲ್ಲ. ಅದು ಸ್ಥಿತಿಯನ್ನು ಹೇಳುತ್ತದೆ, ಕೆಲಸವನ್ನು ಹೇಳುವುದಿಲ್ಲ. ನಮ್ಮ ನಿಷೇಧ ಕೃದಂತಕ್ಕೆ ಕಾಲದ ಕಟ್ಟಿಲ್ಲ. ಮುಗಿದಿಲ್ಲ, ಮುಗಿಯುತ್ತಿಲ್ಲ, ಮುಗಿಯಲಾರದು ಎಂಬ ಮೂರು ಅರ್ಥಗಳಿಗೂ ‘ಮುಗಿಯದ’ ಎಂಬ ಒಂದೇ ರೂಪ ಸಾಕು. ಸಗ್ರಾದಾ ಫಮೀಲಿಯಾದ ವಾಸ್ತುಶಿಲ್ಪಿ ಆಂಟೋನಿ ಗೌಡಿ 1926ರಲ್ಲಿ ಟ್ರಾಮಿಗೆ ಸಿಕ್ಕಿ ತೀರಿಕೊಂಡ ಮೇಲೂ ಏಳುತ್ತಲೇ ಬಂದ ಬಾರ್ಸಿಲೋನಾದ ಗೋಪುರಗಳಿಗೂ, ಹಣ ಸಾಲದೆ 1829ರಲ್ಲಿ 12 ಕಂಬಗಳಿಗೇ ನಿಂತ ಸ್ಕಾಟ್ಲೆಂಡಿನ ಎಡಿನ್‌ಬರೋದ ರಾಷ್ಟ್ರೀಯ ಸ್ಮಾರಕಕ್ಕೂ ಅದು ಹೊಂದುತ್ತದೆ. ನಮ್ಮ ಕಡೆಯ ಮೇಸ್ತ್ರಿಗಳೂ ‘ಕೆಲಸ ಮುಗಿಯಲಿಲ್ಲ’ ಎಂದೇ ಹೇಳುತ್ತಾರೆ; ‘ಅರೆಗಟ್ಟಡ’ವನ್ನು ಯಾರ ಬಾಯಲ್ಲಿಯೂ ನಾನು ಕೇಳಿಲ್ಲ.

ಇನ್ನು ಇಗರ್ಜಿ. ಅದು ಪೋರ್ಚುಗೀಸರಿಂದ ಬಂದದ್ದು ನಿಜ. ಆದರೆ ಮಿಲಾಗ್ರಿಸ್, ರೊಸಾರಿಯೊ ಇಗರ್ಜಿಗಳಿರುವ ಈ ಊರಿನಲ್ಲಿ ‘ಕ್ರಿಸ್ತನ ಗುಡಿ’ ಎಲ್ಲಿದೆಯೆಂದು ಕೇಳಿದವರಿಗೆ ದಾರಿ ಸಿಗದು. ಎರಡನೆಯ ಅಲಿ ಆದಿಲ್ ಶಾಹನ ಗೋರಿಗೆಂದು ತೊಡಗಿ ಮುಗಿಯದೆ ಉಳಿದ ವಿಜಯಪುರದ ಬಾರಾ ಕಮಾನ್ ಕೂಡ ಈ ಪ್ರದರ್ಶನದಲ್ಲಿ ಇರಲೇಬೇಕು. ಕಮಾನು ಪಾರಸಿಯ ಪದವೆಂದು ಅದನ್ನು ‘ಹನ್ನೆರಡು ಬಿಲ್ಲು’ ಎಂದು ಬರೆದರೆ ವಿಜಯಪುರದವರೇ ಗುರುತಿಸಲಾರರು. ಬಳಕೆಯಲ್ಲಿ ಬೇರೂರಿದ ಪದವನ್ನು ಕಿತ್ತುಹಾಕುವುದರಿಂದ ಕನ್ನಡಕ್ಕೆ ಏನೂ ದಕ್ಕುವುದಿಲ್ಲ. ಅರಿಸಮಾಸದ ಭಯವಿರುವವರು ‘ಮಳೆ’ಗೆ ಸಂಸ್ಕೃತದ ‘ಕಾಲ’ ಸೇರಿದ ‘ಮಳೆಗಾಲ’ವನ್ನು ಏನೆಂದು ಕರೆಯುತ್ತಾರೆ?

ಶೀರ್ಷಿಕೆಗೆ ‘ಮುಗಿಯದ ಕಟ್ಟಡಗಳು’ ಎಂದು ಹಾಕಿ. ರ್ಯುಗ್ಯೊಂಗ್ ಹೋಟೆಲಿನ ಫಲಕದಲ್ಲಿ ಮಾತ್ರ ‘ಬಾಗಿಲು ತೆರೆಯದ’ ಎಂದು ಸೇರಿಸಿ; 330 ಮೀಟರ್ ಎತ್ತರಕ್ಕೆ ಎದ್ದು ಗಾಜಿನಲ್ಲಿ ಹೊಳೆಯುವ ಅದರ ಚಿತ್ರವನ್ನಷ್ಟೇ ನೋಡಿದವರಿಗೆ, ಅದು ಈ ಸಾಲಿನಲ್ಲಿ ಏಕಿದೆಯೆಂದು ‘ಮುಗಿಯದ’ ಎಂಬ ಪದವೊಂದರಿಂದಲೇ ತಿಳಿಯಲಾರದು.