ಮನೆಯಲ್ಲಿರೋ ಬಟ್ಟೆಯಲ್ಲೇ ಸ್ಕರ್ಟ್ ಹೊಲಿಯಬೇಕು, ಪ್ಯಾಟರ್ನ್ ನೋಡಿದರೆ 150 ಸೆಂ.ಮೀ. ಅಗಲ ಕೇಳುತ್ತಿದೆ

ಬಾಬಿನ್ ಖಾಲಿ:
ಎಲ್ಲರಿಗೂ ನಮಸ್ಕಾರ. ಆಫೀಸಿಗೆ ಹಾಕಿಕೊಂಡು ಹೋಗುವಂಥ ಉದ್ದ ಸ್ಕರ್ಟ್ ಹೊಲಿಯಬೇಕು ಅಂತಿದ್ದೇನೆ. ಹೊಸ ಬಟ್ಟೆ ತರೋದಿಲ್ಲ, ಅದಂತೂ ಗಟ್ಟಿ. ಬೀರುವಿನಲ್ಲಿ ಇರೋದೇ ಬೇಕಾದಷ್ಟಿದೆ. ಗೃಹಪ್ರವೇಶ, ನಾಮಕರಣ ಅಂತ ಯಾರ್ಯಾರೋ ಕೊಟ್ಟ ಡ್ರೆಸ್ ಪೀಸುಗಳು, ಅಮ್ಮ ಉಡೋದು ಬಿಟ್ಟ ಕಾಟನ್ ಸೀರೆಗಳು, ಒಂದು ಹಳೇ ಇಳಕಲ್ ಸೀರೆ. ಬ್ಲೌಸ್ ಪೀಸುಗಳ ಲೆಕ್ಕ ಕೇಳಲೇಬೇಡಿ.

ಆರು ಪ್ಯಾನೆಲ್, ಅಂದ್ರೆ ಆರು ಉದ್ದ ತುಂಡು ಜೋಡಿಸಿ ಹೊಲಿಯೋ ಸ್ಕರ್ಟಿನ ಒಂದು ಪ್ಯಾಟರ್ನ್ (ಬಟ್ಟೆ ಕತ್ತರಿಸೋಕೆ ಕಾಗದದ ಅಚ್ಚು) ಇಳಿಸಿಕೊಂಡೆ. ಚೆನ್ನಾಗಿದೆ, ಆದರೆ ಹೊರದೇಶದ್ದು. 150 ಸೆಂ.ಮೀ. ಅಗಲದ ಬಟ್ಟೆ 2 ಮೀಟರ್ ಬೇಕು ಅಂತ ಬರೆದಿದೆ. ನಮ್ಮ ಬಟ್ಟೆ ಎಲ್ಲಾ 44 ಇಂಚು, ಅಂದ್ರೆ 110 ಸೆಂ.ಮೀ. ಆಸುಪಾಸು. ಒಂದೊಂದು ಪೀಸು ಎರಡು, ಎರಡೂಕಾಲು ಮೀಟರ್ ಇದೆ ಅಷ್ಟೇ. ನನ್ನ ಸೊಂಟ 32 ಇಂಚು, ಹಿಪ್ 40, ಸ್ಕರ್ಟಿನ ಉದ್ದ 34 ಬೇಕು. ಕೂರುತ್ತಾ? ಇಲ್ಲಾಂದ್ರೆ ಬೇರೆ ಯಾವ ಡಿಸೈನ್ ಹಿಡಿಯಲಿ? ಸೀರೆಯ ಅಂಚು ಮಾತ್ರ ಸ್ಕರ್ಟಿನ ಕೆಳಗೇ ಬರಬೇಕು ಅನ್ನೋ ಆಸೆ. ದಿಂಬಿನ ಕವರು, ಸಾದಾ ಬ್ಲೌಸು ಹೊಲಿದು ರೂಢಿ ಇದೆ. ಜಿಪ್ ಅಂದರೆ ಮಾತ್ರ ಕೈ ನಡುಗುತ್ತೆ.

ಓರೆ ಕತ್ತರಿ:
ಆರಾಮಾಗಿ ಕೂರುತ್ತೆ. ಆ ಪ್ಯಾಟರ್ನ್ ಪಕ್ಕಕ್ಕಿಡಿ, ನಮ್ಮ ಸೀರೆ ಲಂಗದ ಕಟಿಂಗ್ ಇದೆಯಲ್ಲ, ಅದನ್ನೇ ಮಾಡಿ. ಆ ಕಟಿಂಗ್ ಹುಟ್ಟಿರೋದೇ ಕಡಿಮೆ ಅಗಲದ ಬಟ್ಟೆಗೆ.

ಲೆಕ್ಕ ಹೀಗೆ. ಸೊಂಟ 32 ಅನ್ನು ಆರರಿಂದ ಭಾಗಿಸಿದರೆ 5.3, ಎರಡೂ ಕಡೆ ಹೊಲಿಗೆಗೆ ಅರ್ಧರ್ಧ ಇಂಚು ಸೇರಿಸಿ 6.3. ಅದು ಪ್ಯಾನೆಲಿನ ಮೇಲಿನ ಅಗಲ. ಕೆಳಗಿನ ಅಗಲ ಹೊಲಿಗೆ ಸೇರಿ 15 ಇಟ್ಟುಕೊಳ್ಳಿ. ಎರಡೂ ಕೂಡಿಸಿದರೆ 21.3. ಈಗ 21.3 ಇಂಚು ಅಗಲದ ಒಂದು ಆಯತ ಗುರುತು ಹಾಕಿ, ಮೇಲೆ ಎಡಗಡೆಯಿಂದ 6.3ಕ್ಕೆ ಒಂದು ಚುಕ್ಕಿ, ಕೆಳಗೆ ಅದೇ ಎಡಗಡೆಯಿಂದ 15ಕ್ಕೆ ಇನ್ನೊಂದು ಚುಕ್ಕಿ. ಎರಡನ್ನೂ ಓರೆಯಾಗಿ ಗೆರೆ ಎಳೆದು ಸೇರಿಸಿ, ಕತ್ತರಿಸಿ. ಒಂದು ಆಯತಕ್ಕೆ ಎರಡು ಪ್ಯಾನೆಲ್, ಒಂದು ನೆಟ್ಟಗೆ, ಒಂದು ತಲೆಕೆಳಗು. ಚೂರೂ ವೇಸ್ಟ್ ಇಲ್ಲ. 44 ಇಂಚಿನ ಅಗಲಕ್ಕೆ ಇಂಥ ಎರಡು ಆಯತ ಕೂರುತ್ತವೆ, ಅಂದ್ರೆ ನಾಲ್ಕು ಪ್ಯಾನೆಲ್. ಬೆಲ್ಟಿಗೆ 2 ಇಂಚು ಬಿಟ್ಟು, ಮಡಿಕೆಗೆ ಒಂದೂವರೆ ಸೇರಿಸಿದರೆ ಪ್ಯಾನೆಲಿನ ಉದ್ದ ಮೂವತ್ತಮೂರೂವರೆ. ಎರಡು ಸಾಲಿಗೆ 67 ಇಂಚು, ಅಂದರೆ 1.7 ಮೀಟರ್. ಎರಡನೇ ಸಾಲಿನಲ್ಲಿ ಒಂದು ಆಯತ ಉಳಿಯುತ್ತೆ, ಅದು ಜೇಬಿಗೆ. ಎರಡು ಮೀಟರ್ ಪೀಸಾದರೆ ಬೆಲ್ಟಿಗೂ ಬಟ್ಟೆ ಸಿಗುತ್ತೆ.

ಜೋಡಿಸುವಾಗ ಒಂದು ಪ್ಯಾನೆಲಿನ ಓರೆ ಬದಿಗೆ ಮುಂದಿನದರ ನೇರ ಬದಿ ಬರಬೇಕು. ಓರೆಗೆ ಓರೆ ಸೇರಿಸಿದರೆ ಆ ಹೊಲಿಗೆ ಒಗೆತಕ್ಕೆ ಒಗೆತ ಜೋತು ಬೀಳುತ್ತೆ, ಅಂಚು ಅಂಕುಡೊಂಕಾಗುತ್ತೆ. ಓರೆ ಬದಿ ಅಳತೆಯಲ್ಲಿ ಸ್ವಲ್ಪ ಉದ್ದ ಇರುತ್ತೆ, ಮೇಲಿಂದ ಜೋಡಿಸುತ್ತಾ ಬಂದು ಹೆಚ್ಚಾಗಿದ್ದನ್ನು ಕೆಳಗೆ ಸಮ ಮಾಡಿ ಕತ್ತರಿಸಿ. ಇನ್ನೊಂದು: ಹೂವು, ಬಳ್ಳಿ ಒಂದೇ ದಿಕ್ಕಿಗೆ ನಿಂತಿರೋ ಪ್ರಿಂಟಿಗೆ ಈ ಕಟಿಂಗ್ ಬೇಡ, ಮೂರು ಪ್ಯಾನೆಲಿನಲ್ಲಿ ಹೂವು ಶೀರ್ಷಾಸನ ಹಾಕುತ್ತವೆ. ಚುಕ್ಕಿ, ಚೌಕಳಿ, ಸಾದಾ ಬಣ್ಣ ಆದರೆ ಚಿಂತೆಯಿಲ್ಲ.

ಸೆರಗಿನ ಚುಂಗು:
ಸೀರೆಗಳ ಬಗ್ಗೆ ನಾನು ಹೇಳ್ತೀನಿ, ನಮ್ಮದು ಬಾಗಲಕೋಟೆ ಕಡೆ ರೀ. ಅಂಚು ಕೆಳಗೆ ಬರಬೇಕು ಅಂದ್ರೆ ಪ್ಯಾನೆಲೂ ಬೇಡ, ಸುತ್ತು ಸ್ಕರ್ಟೂ ಬೇಡ. ಸೀರೆಯ ಉದ್ದವೇ ನಿಮ್ಮ ಸುತ್ತಳತೆ, ಸೀರೆಯ ಅಗಲವೇ ಸ್ಕರ್ಟಿನ ಉದ್ದ. ಕೆಳಗಿನ ಅಂಚಿನಿಂದ ಮೂವತ್ತೆರಡೂವರೆ ಇಂಚು ಅಳೆದು ಸೀರೆಯುದ್ದಕ್ಕೂ ಕತ್ತರಿಸಿ. ಅಂಚು ನೇಯ್ದು ಮುಗಿದಿರೋದೇ, ಮಡಚಿ ಹೊಲಿಯೋ ಕೆಲಸವೇ ಇಲ್ಲ. ಮೇಲೆ ಉಳಿಯೋ ಪಟ್ಟಿಯಲ್ಲಿ ಇನ್ನೊಂದು ಅಂಚು ಇರ್ತದಲ್ಲ, ಅದನ್ನೇ ಬೆಲ್ಟ್ ಮಾಡಿ.

ಮೆತ್ತನೆ ಕಾಟನ್ನಿಗೆ ಸೊಂಟದ ಎರಡೂವರೆ ಪಟ್ಟು ಬಟ್ಟೆ ಹಿಡೀರಿ, ನಿಮಗೆ 80 ಇಂಚು, ಎರಡು ಮೀಟರಿಗಿಂತ ಚೂರು ಜಾಸ್ತಿ. ಇಳಕಲ್ಲಿಗೆ ಎರಡು ಪಟ್ಟು ಸಾಕು, ಜಾಸ್ತಿ ಆದರೆ ಸೊಂಟದ ಹತ್ತಿರ ಉಬ್ಬಿ ನಿಲ್ತದೆ. ನೆರಿಗೆ ಕೂಡಿಸೋಕೆ ಮೇಲ್ತುದಿಯಲ್ಲಿ ಕಾಲಿಂಚು ಬಿಟ್ಟು ಎರಡು ಸಾಲು ಉದ್ದುದ್ದ ಟಾಕಿ ಹೊಲೀರಿ, ಮಷಿನ್ನಿನ ಟಾಕಿ ನಂಬರ್ 4ಕ್ಕೋ 5ಕ್ಕೋ ಇಡಿ, ಕೊನೆಯಲ್ಲಿ ಗಂಟು ಹಾಕಬೇಡಿ. ಕೆಳಗಿನ ಬಾಬಿನ್ ದಾರ ಎರಡನ್ನೂ ಒಟ್ಟಿಗೆ ಹಿಡಿದು ನಿಧಾನಕ್ಕೆ ಎಳೆದರೆ ಬಟ್ಟೆ ತಾನಾಗೇ ಸುಕ್ಕಾಗ್ತಾ ಬರ್ತದೆ. ಬೆಲ್ಟನ್ನೂ ಸ್ಕರ್ಟನ್ನೂ ಮೊದಲೇ ನಾಲ್ಕು ಭಾಗ ಗುರುತು ಮಾಡಿ ಪಿನ್ ಹಾಕಿದ್ದರೆ ನೆರಿಗೆ ಎಲ್ಲಾ ಕಡೆ ಸಮ ಕೂರ್ತದೆ.

ಕತ್ತರಿ ಹಾಕೋ ಮುಂಚೆ ಸೀರೆಯನ್ನ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಎಳೆ ಸವೆದ ಜಾಗ ಜಾಳುಜಾಳಾಗಿ ಕಾಣ್ತದೆ. ಎರಡೂ ಹೆಬ್ಬೆರಳಲ್ಲಿ ಹಾಸಿನ (ಉದ್ದದ ಎಳೆಯ) ದಿಕ್ಕಿಗೆ ಒಮ್ಮೆ, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿಗೆ ಒಮ್ಮೆ ಎಳೆದು ನೋಡಿ, ಚರ್ ಅಂದರೆ ಆ ಭಾಗ ಬಿಡಿ. ಕಾಟನ್ ಸೀರೆ ತೀರಾ ಮೆತ್ತಗಾಗಿದ್ದರೆ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ, ಕೈಯಲ್ಲಿ ಜಾರೋದಿಲ್ಲ. ಫಾಲ್ಸ್ ಇದ್ದರೆ ಬಿಚ್ಚಬೇಡಿ, ಆ ಭಾಗದಿಂದಲೇ ಸ್ಕರ್ಟ್ ತೆಗೀರಿ. ಕೆಳಗೆ ಭಾರ ಇದ್ದು ಗಾಳಿಗೆ ಹಾರೋದಿಲ್ಲ.

ಇಳಕಲ್ ಸೀರೆಯಲ್ಲಿ ಸೆರಗನ್ನ ಬೇರೆ ಹಾಸಿನಿಂದ ಕೊಂಡಿ ಹಾಕಿ ಸೇರಿಸಿರ್ತಾರೆ. ಆ ಕೊಂಡಿ ಜಾಗದಲ್ಲಿ ಕತ್ತರಿ ಆಡಿಸಬೇಡಿ, ಎಳೆ ಬಿಚ್ಚಿಕೊಳ್ತದೆ. ಒಡಲಿನ ಭಾಗವೇ ಎರಡು ಸ್ಕರ್ಟಿಗೆ ಆಗುವಷ್ಟಿದೆ, ತೋಪ್ ತೆನಿ ಅನ್ನೋ ವಿನ್ಯಾಸದ ಆ ಸೆರಗನ್ನ ಹಾಗೇ ದುಪಟ್ಟಾ ಮಾಡಿಕೊಳ್ಳಿ. ಸೆರಗನ್ನ ತುಂಡು ತುಂಡು ಮಾಡಿ ಜೇಬಿಗೆ ಹಾಕೋರನ್ನ ಕಂಡ್ರೆ ನನಗೆ ಮೈ ಉರೀತದೆ.

ಡೆಟ್ರಾಯಿಟ್ ಚಳಿ:
ಪ್ಯಾಟರ್ನ್ ಬಿಟ್ಟೇಬಿಡಿ ಅಂತ ಎಲ್ಲರೂ ಹೇಳ್ತಿದ್ದೀರಿ, ನಾನು ಸ್ವಲ್ಪ ಅದರ ಪರ. ಹಿಪ್ ಹತ್ತಿರ ನೀಟಾಗಿ ಕೂರುವ ಸ್ಕರ್ಟ್ ಬೇಕಾದರೆ ಪ್ಯಾಟರ್ನಿನ ತಿರುವು ನಿಜಕ್ಕೂ ಕೆಲಸಕ್ಕೆ ಬರುತ್ತೆ. ಪ್ರಿಂಟ್ ಹಾಕುವಾಗ ಅಳತೆ 100 ಪರ್ಸೆಂಟ್ ಅಂತಲೇ ಇಡಿ. ಕಾಗದಕ್ಕೆ ಹೊಂದಿಸೋ ಆಯ್ಕೆ ಒತ್ತಿದರೆ ಸದ್ದಿಲ್ಲದೆ ಸಣ್ಣದಾಗುತ್ತೆ. ಮೊದಲ ಹಾಳೆಯಲ್ಲಿ ಅಳತೆಯ ಚೌಕ ಇರುತ್ತೆ, ಅದೊಂದೇ ಹಾಳೆ ತೆಗೆದು ಸ್ಕೇಲ್ ಇಟ್ಟು ನೋಡಿ, ಸರಿಯಿದ್ದರೆ ಉಳಿದದ್ದು. ಇಲ್ಲಿನ ಲೆಟರ್ ಹಾಳೆಗೂ ಅಲ್ಲಿನ ಎ4 ಹಾಳೆಗೂ ಅಳತೆ ಬೇರೆ, ಎ4 ಫೈಲ್ ಇದೆಯಾ ನೋಡಿಕೊಳ್ಳಿ.

ಹೊಲಿಗೆ ಮಾರ್ಜಿನ್, ಅಂದ್ರೆ ಹೊಲಿಗೆಗೆ ಅಂತ ಸುತ್ತ ಬಿಡೋ ಹೆಚ್ಚುವರಿ ಬಟ್ಟೆ, ಸೇರಿದೆಯೋ ಇಲ್ಲವೋ ಓದಿ. ಬುರ್ಡಾ ಪತ್ರಿಕೆಯ ಪ್ಯಾಟರ್ನಿನಲ್ಲಿ ಸೇರಿರೋದಿಲ್ಲ, ನೀವೇ ಬಿಡಬೇಕು. ಸಿಂಪ್ಲಿಸಿಟಿ, ಮೆಕಾಲ್ಸ್ ಥರದ ಅಮೆರಿಕದ ಪ್ಯಾಟರ್ನುಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಂ.ಮೀ. ಸೇರಿರುತ್ತೆ. ರೆಡಿಮೇಡ್ ಸೈಜ್ ನಂಬರ್ ನೋಡಿ ಆರಿಸಬೇಡಿ, ಇಂಚು ನೋಡಿ.

ಬರೆದಿರೋ ಮೀಟರ್ ಲೆಕ್ಕವನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಕತ್ತರಿಸಿದ ಕಾಗದಗಳನ್ನು ನಿಮ್ಮ ಬಟ್ಟೆಯ ಮೇಲೇ ನೆಲದಲ್ಲಿ ಹರಡಿ, ಆ ಕಡೆ ಈ ಕಡೆ ತಿರುಗಿಸಿ ನೋಡಿ. ಕಾಗದದ ಮೇಲಿನ ಬಾಣದ ಗೆರೆ ಬಟ್ಟೆಯ ಉದ್ದಕ್ಕಿರೋ ನೇಯ್ದ ಅಂಚಿಗೆ ಸಮಾನಾಂತರ ಇದ್ದರಾಯಿತು.

ಅರ್ಧ ಮೀಟರ್:
ಹೂವಿನ ಪ್ರಿಂಟ್ ಎರಡೂಕಾಲು ಮೀಟರ್ ಪೀಸಿದ್ದರೆ ಅರ್ಧ ಸುತ್ತಿನ ಸ್ಕರ್ಟ್ ಹೊಲಿಯಿರಿ, ಒಂದೇ ತುಂಡು, ಒಂದೇ ಹೊಲಿಗೆ. ಸೊಂಟ 32 ಅನ್ನು 3.14ರಿಂದ ಭಾಗಿಸಿ, 10.2 ಇಂಚು. ಬಟ್ಟೆಯ ಒಂದು ಉದ್ದದ ಬದಿಯ ನಡುಮಧ್ಯದಿಂದ ಟೇಪ್ ಹಿಡಿದು 10.2ಕ್ಕೆ ಒಂದು ಕಮಾನು, 43ಕ್ಕೆ ಇನ್ನೊಂದು ಕಮಾನು. ಬೆಲ್ಟ್ ಸೇರಿ ನಿಮ್ಮ 34 ಬಂದೇ ಬರುತ್ತೆ, ಬಟ್ಟೆ ಉದ್ದಕ್ಕೆ 86 ಇಂಚು ತಿನ್ನುತ್ತೆ. ಎರಡೂಕಾಲು ಮೀಟರ್ ಅಂದರೆ 88 ಚಿಲ್ಲರೆ. ಬಿಗಿ ಲೆಕ್ಕ, ಆದರೆ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಅಳೆಯಿರಿ. ಕಾಟನ್ ಕುಗ್ಗಿ 86ಕ್ಕಿಂತ ಕಡಿಮೆ ಆದರೆ ಉದ್ದದಲ್ಲಿ ಒಂದಿಂಚು ಬಿಟ್ಟುಕೊಡಿ. ಪಕ್ಕದ ಹೂವು ಮಲಗಿದ ಹಾಗೆ ಕಾಣುತ್ತೆ, ಅದು ಈ ಡಿಸೈನಿನಲ್ಲಿ ನಡೆಯುತ್ತೆ.

ಬೆಲ್ಟ್ ಹೊಲಿದ ಮೇಲೆ ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ಓರೆ ಬರೋ ಭಾಗ ಇಳಿಯುತ್ತೆ, ಉಳಿದದ್ದು ಇಳಿಯಲ್ಲ. ಆಮೇಲೆ ಯಾರಾದರೂ ನೆಲದಿಂದ ಸ್ಕೇಲ್ ಇಟ್ಟು ಸುತ್ತ ಗುರುತು ಹಾಕಲಿ, ಅದಕ್ಕೆ ಸರಿಯಾಗಿ ಮಡಚಿ.

ಬಾಬಿನ್ ಖಾಲಿ:
ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಸಾದಾ ನೀಲಿ ಡ್ರೆಸ್ ಪೀಸು ಆರು ಪ್ಯಾನೆಲ್, ಕಾಟನ್ ಸೀರೆ ನೆರಿಗೆ ಸ್ಕರ್ಟ್. ಇಳಕಲ್ ಕೈ ಪಳಗಿದ ಮೇಲೆ. ಚುಂಗು ಅಕ್ಕ, ಸೆರಗು ಮುಟ್ಟೋದಿಲ್ಲ, ಆಣೆ. ಜಿಪ್ ಇಲ್ಲದೆ ಸೊಂಟ ಹೇಗೆ ಮುಗಿಸಲಿ ಅದೊಂದು ಹೇಳಿ. ಪೂರ್ತಿ ಎಲಾಸ್ಟಿಕ್ ಹಾಕಿದರೆ ನೈಟ್ ಪ್ಯಾಂಟ್ ಥರ ಕಾಣುತ್ತೆ, ಅಲ್ವಾ?

ಓರೆ ಕತ್ತರಿ:
ಮುಂದೆ ಚಪ್ಪಟೆ, ಹಿಂದೆ ಎಲಾಸ್ಟಿಕ್. ಆದರೆ ಇದು ನೆರಿಗೆ ಸ್ಕರ್ಟಿಗೆ ಮಾತ್ರ. ಮುಂದಿನ ಬೆಲ್ಟಿಗೆ 16 ಇಂಚು ಕ್ಯಾನ್ವಾಸ್ (ಬೆಲ್ಟ್ ಗಟ್ಟಿ ನಿಲ್ಲೋಕೆ ಒಳಗೆ ಹಾಕೋ ಪದರ) ಅಂಟಿಸಿ ಹೊಲಿಯಿರಿ. ಹಿಂದಿನ ಬೆಲ್ಟ್ 26 ಇಂಚು ಉದ್ದ ಇರಲಿ, ಆಗ ಹಿಗ್ಗಿಸಿದರೆ 42 ಆಗಿ ಹಿಪ್ ದಾಟಿ ಮೇಲೆ ಬರುತ್ತೆ. ಅದರೊಳಗೆ ಒಂದೂವರೆ ಇಂಚು ಅಗಲದ ಎಲಾಸ್ಟಿಕ್ 13 ಇಂಚು ತೂರಿಸಿ, ಎರಡು ಪಕ್ಕದ ಹೊಲಿಗೆಯಲ್ಲೂ ಗಟ್ಟಿಯಾಗಿ ಹಿಡಿಸಿ. ಟಾಪ್ ಒಳಗೆ ಸೇರಿಸಿದರೂ ಮುಂದಿನಿಂದ ನೀಟಾಗಿ ಕಾಣುತ್ತೆ.

ಆರು ಪ್ಯಾನೆಲಿನದ್ದು ಸೊಂಟಕ್ಕೆ ಸರಿಯಾಗಿ ಕೂರೋದರಿಂದ ಅದಕ್ಕೆ ಪಕ್ಕದಲ್ಲಿ ಎಂಟಿಂಚು ಸೀಳು ಬಿಡಲೇಬೇಕು. ಜಿಪ್ ಬೇಡ ಅಂದರೆ ಲಂಗದ ಥರ ಬೆಲ್ಟಿಗೆ ಲಾಡಿ ಹಾಕಿ, ಸೀಳಿನ ಹಿಂದೆ ಒಂದು ಅಗಲ ಪಟ್ಟಿ ಕೊಡಿ, ಒಳಗಿನದು ಕಾಣೋದಿಲ್ಲ. ನೀಲಿ ಪೀಸು ತೆಳುವಾಗಿದ್ದರೆ 11 ನಂಬರ್ ಸೂಜಿ, ದಪ್ಪ ಇದ್ದರೆ 14.