ಹಳೇ ಸೋಲಿಂಗೆನ್ ರೇಜರ್: ತೆಗೆದ ತುಕ್ಕು ಮತ್ತೆ ಬರುತ್ತಿದೆ, ತುದಿ ಹರಿತವಾಗುತ್ತಿಲ್ಲ

ಕಡಲತೇವ:
ಎಲ್ಲರಿಗೂ ನಮಸ್ಕಾರ. ಮಡಚುವ ರೇಜರ್, ಜರ್ಮನಿಯ ಸೋಲಿಂಗೆನ್ ಊರಿನದು, ಟ್ಯಾಂಗ್ (ಅಲಗಿನ ಬುಡದ ಹರಿತವಿಲ್ಲದ ಭಾಗ) ಮೇಲೆ ‘ಜರ್ಮನಿ’ ಎಂದು ಮುದ್ರೆಯಿದೆ. ಅಗಲ 5/8 ಇಂಚು, ಪೂರ್ತಿ ಹಾಲೋ ಗ್ರೈಂಡ್ (ಎರಡೂ ಬದಿ ಒಳಕ್ಕೆ ತಗ್ಗಾಗಿ ಕೊರೆದ ಅಲಗು). ಹಿಡಿ ದಂತದ ಬಣ್ಣದ್ದು. ತೊಂದರೆ ಎರಡು.

ಒಂದು, ತುಕ್ಕು. ನಯವಾದ ವಾಟರ್ ಪೇಪರಿನಲ್ಲಿ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಇಟ್ಟರೂ ಎರಡು ವಾರದೊಳಗೆ ಕೆಂಪು ಚುಕ್ಕೆ ಏಳುತ್ತದೆ. ಊರು ಮಂಗಳೂರು, ಹೊರಗೆ ಮಳೆ. ಆದರೆ ಅದೇ ಪೆಟ್ಟಿಗೆಯಲ್ಲಿರುವ ಕೊಂಬಿನ ಹಿಡಿಯ, ಇಂಗ್ಲೆಂಡಿನ ಶೆಫೀಲ್ಡ್ ರೇಜರಿಗೆ ಏನೂ ಆಗಿಲ್ಲ.

ಎರಡು, ಹರಿತ. 1000, 3000, 8000, 12000 (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ಹೀಗೆ ನಾಲ್ಕೂ ಕಲ್ಲಿನ ಮೇಲೆ ಮಸೆದಾಗಿದೆ. ಅಲಗಿನ ನಡುಭಾಗ ತೋಳಿನ ಕೂದಲನ್ನು ಸಲೀಸಾಗಿ ತೆಗೆಯುತ್ತದೆ, ತುದಿಯ ಒಂದೂವರೆ ಸೆಂಟಿಮೀಟರ್ ಮಾತ್ರ ಮೊಂಡು. 12000ರಲ್ಲಿ ಇನ್ನೂ 40 ಸಲ ಎಳೆದರೂ ಬದಲಾವಣೆ ಇಲ್ಲ. ಯಾವುದನ್ನು ಮೊದಲು ನೋಡಲಿ?

ಉಕ್ಕಿನಹದ:
ಮೊದಲು ತುಕ್ಕು. ಮಸೆಯುವುದನ್ನು ಸದ್ಯಕ್ಕೆ ನಿಲ್ಲಿಸಿ.

ಚುಕ್ಕೆಗಳು ಎಲ್ಲಿ ಏಳುತ್ತಿವೆ ನೋಡಿ. ಮಡಚಿದಾಗ ಹಿಡಿಯೊಳಗೆ ಮುಚ್ಚಿಹೋಗುವ ಭಾಗದಲ್ಲಿ ಮಾತ್ರ ತುಕ್ಕಿದ್ದು, ಹೊರಗೆ ಉಳಿಯುವ ಟ್ಯಾಂಗ್ ಸ್ವಚ್ಛವಾಗಿದ್ದರೆ ತಪ್ಪು ಮಳೆಯದಲ್ಲ, ಹಿಡಿಯದು. ಬೆರಳಿನಿಂದ ಹಿಡಿಯನ್ನು ಬಿಸಿಯಾಗುವಷ್ಟು ತಿಕ್ಕಿ ಮೂಸಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ನೈಟ್ರೇಟ್ ಮಾಡಿದ ಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುತ್ತಿದ್ದ ವಸ್ತು ಅದು. ದಂತವೋ ಅಲ್ಲವೋ ಎಂಬ ಅನುಮಾನಕ್ಕೂ ಇಲ್ಲೇ ಉತ್ತರವಿದೆ: ದಂತದ ಅನುಕರಣೆಯ ಸೆಲ್ಯುಲಾಯ್ಡಿನಲ್ಲಿ ಗೆರೆಗಳು ಒಂದೇ ಸಮನೆ ಸಾಲಾಗಿ ಓಡುತ್ತವೆ. ನಿಜವಾದ ಆನೆದಂತವನ್ನು ಅಡ್ಡ ಕೊಯ್ದ ಮೈಯಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿ ಬಲೆಯಂತೆ ಕಾಣುತ್ತವೆ.

ಸೆಲ್ಯುಲಾಯ್ಡ್ ಹಳತಾದಾಗ ಒಳಗಿಂದಲೇ ಕೊಳೆಯುತ್ತದೆ. ನೈಟ್ರೋಜನ್ ಆಕ್ಸೈಡ್ ಅನಿಲ ಬಿಡುತ್ತದೆ, ಅದು ಗಾಳಿಯ ತೇವಕ್ಕೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಮಡಚಿದ ರೇಜರಿನಲ್ಲಿ ಅಲಗು ಈ ಆಮ್ಲದ ಮಧ್ಯೆ ಮಲಗಿರುತ್ತದೆ. ಎಣ್ಣೆಯ ಪದರ ಒಂದೆರಡು ವಾರ ತಡೆದೀತು, ಅಷ್ಟೇ. ಹಿಡಿಯಲ್ಲಿ ಸಣ್ಣ ಬಿರುಕು, ಅಂಟು, ಹಳದಿಗೆ ತಿರುಗಿದ ಮಬ್ಬು, ರಿವೆಟ್ ಮೊಳೆಯ ಸುತ್ತ ಹಸಿರು ಕಿಲುಬು ಕಂಡರೆ ಅದನ್ನು ಉಳಿಸುವ ದಾರಿ ಇಲ್ಲ. ವಾರ್ನಿಷ್ ಹೊಡೆದು ಮುಚ್ಚಲು ಹೋಗಬೇಡಿ, ಅನಿಲ ಒಳಗೇ ಸಿಕ್ಕಿ ಕೊಳೆತ ಜೋರಾಗುತ್ತದೆ.

ಶೆಫೀಲ್ಡ್ ರೇಜರನ್ನು ಇವತ್ತೇ ಆ ಪೆಟ್ಟಿಗೆಯಿಂದ ಹೊರಗಿಡಿ. ಈ ಆಮ್ಲ ಪಕ್ಕದ ಉಕ್ಕನ್ನೂ ಬಿಡುವುದಿಲ್ಲ. ತೆಗೆದ ಹಿಡಿಯನ್ನು ಒಲೆಗೆ ಹಾಕಬೇಡಿ, ಯಂತ್ರಕ್ಕೆ ಕೊಟ್ಟು ಉಜ್ಜಲೂ ಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ, ಅದರ ಪುಡಿ ಇನ್ನೂ ಅಪಾಯ.

ಹಿಡಿ ಬಿಚ್ಚುವುದು ಹೀಗೆ. ರಿವೆಟ್ ಮೊಳೆಯ ತಲೆಯನ್ನು ಸೂಜಿ ಅರದಿಂದ ನಿಧಾನವಾಗಿ ತೇಯಿರಿ. ವಾಷರ್ ಅಲುಗಿದ ಕ್ಷಣ ನಿಲ್ಲಿಸಿ. ಮರದ ತುಂಡಿನಲ್ಲಿ 3 ಮಿ.ಮೀ. ತೂತು ಕೊರೆದು, ಮೊಳೆಯ ಇನ್ನೊಂದು ತಲೆ ಅದರ ಮೇಲೆ ಬರುವಂತೆ ಇಟ್ಟು, 1.5 ಮಿ.ಮೀ. ಪಂಚಿನಿಂದ ಮೆಲ್ಲಗೆ ಕೆಳಗೆ ತಳ್ಳಿ. ಹಿಡಿಯ ಎರಡು ಪಟ್ಟಿಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಅಗಲಿಸಿದರೆ ಹಿಡಿ ಸೀಳುತ್ತದೆ, ಅಲಗು ಜಾರಿ ಕೈಗೂ ಬರುತ್ತದೆ. ಕೆಲಸದ ಉದ್ದಕ್ಕೂ ಅಲಗಿನ ಬಾಯಿಯ (ಹರಿತದ ಅಂಚಿನ) ಮೇಲೆ ಕಾಗದದ ಟೇಪ್ ಇರಲಿ.

ಬಿಚ್ಚಿದ ಅಲಗನ್ನು ಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ. ಉಳಿದ ಆಮ್ಲ ಸಾಯಬೇಕು. ಒರೆಸಿ, ಸ್ಪಿರಿಟ್ ಹಾಕಿ ಒಣಗಿಸಿ, ಆಮೇಲೆ ಎಣ್ಣೆ.

ಕಡಲತೇವ:
ಕರ್ಪೂರದ ವಾಸನೆ ಖಚಿತ. ಟ್ಯಾಂಗ್ ಸ್ವಚ್ಛ, ಹಿಡಿಯೊಳಗಿನ ಭಾಗ ಮಾತ್ರ ತುಕ್ಕು. ಹಿಡಿ ಬಿಚ್ಚಾಯಿತು. ಅಲಗಿನ ಮೇಲೆ ಕೆಂಪು ಚುಕ್ಕೆಯ ಜೊತೆ ಬೂದು-ಕಪ್ಪು ಮಚ್ಚೆಗಳೂ ಇವೆ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಬಹುದೇ?

ಉಕ್ಕಿನಹದ:
ಬೇಡವೇ ಬೇಡ. ಹಾಲೋ ಗ್ರೈಂಡ್ ಅಲಗು ಬಾಯಿಯ ಹತ್ತಿರ ಕಾಗದದಷ್ಟು ತೆಳು. ವಿನೆಗರಿಗೆ ತುಕ್ಕು ಯಾವುದು, ಒಳ್ಳೆಯ ಉಕ್ಕು ಯಾವುದು ಗೊತ್ತಾಗುವುದಿಲ್ಲ. ಬೆಳಿಗ್ಗೆ ತೆಗೆದು ನೋಡಿದರೆ ಮೈಯೆಲ್ಲ ಬೂದು ಬಣ್ಣವಾಗಿ, ಬಾಯಿ ಕಚ್ಚುಕಚ್ಚಾಗಿರುತ್ತದೆ. ಅಲಗಿನ ಮೇಲೆ ಚಿನ್ನದ ಬಣ್ಣದ ಬರಹವಿದ್ದರೆ ಲೋಹ ಪಾಲಿಶ್ ಕೂಡ ಆ ಜಾಗಕ್ಕೆ ತಾಗದಿರಲಿ, ನಾಲ್ಕು ಸಲ ಉಜ್ಜಿದರೆ ಚಿನ್ನ ಹೋಗುತ್ತದೆ.

ಕೆಂಪು ತುಕ್ಕು ಬೆಳೆಯುವಂಥದ್ದು, ಅದನ್ನು ಪೂರ್ತಿ ತೆಗೆಯಬೇಕು. ಕಪ್ಪು ಮಚ್ಚೆ ಉಕ್ಕಿಗೆ ಅಂಟಿಕೊಂಡು ನಿಂತ ಪದರ, ಅದು ಇದ್ದರೆ ಹಾನಿಯಿಲ್ಲ. ಕನ್ನಡಿ ಹೊಳಪು ಬೇಕೆಂದು ಅದರ ಹಿಂದೆ ಬಿದ್ದರೆ ನೂರು ವರ್ಷದ ಅಲಗನ್ನು ತೆಳ್ಳಗೆ ಮಾಡಿದ ಹಾಗೆ, ತಯಾರಕರ ಮುದ್ರೆಯೂ ಅಳಿಯುತ್ತದೆ. ಅದೇ ಮುದ್ರೆಯಿಂದ ಕಾಲ ತಿಳಿಯುತ್ತದೆ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂಬ ಕಾಯಿದೆ 1890ರದು, ಜಾರಿಗೆ ಬಂದದ್ದು 1891ರಲ್ಲಿ. ‘ಜರ್ಮನಿ’ ಎಂದಿರುವ ನಿಮ್ಮ ರೇಜರ್ ಬಹುಪಾಲು ಅದಾದ ಮೇಲಿನದು.

ಅಲಗನ್ನು ಸಮತಟ್ಟಾದ ಮರದ ಮೇಲೆ ಮಲಗಿಸಿ. ಕಾರ್ಕ್ ತುಂಡಿಗೆ 600ರ ವಾಟರ್ ಪೇಪರ್ ಸುತ್ತಿ, ಎಣ್ಣೆ ಹನಿಸಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಿರಿ. ಬಾಯಿಯಿಂದ ಬೆನ್ನಿಗೆ ಎಳೆದರೆ ಕಾಗದದ ಜೊತೆ ಬೆರಳೂ ಕೊಯ್ಯುತ್ತದೆ. ಹಳ್ಳ ಆಳವಿದ್ದರೆ 400ರಿಂದ ಶುರು ಮಾಡಿ. ಆಮೇಲೆ 1000, 2000. ಒಂದು ಕಾಗದದ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ.

ತಿರುಗುವ ಯಂತ್ರ ಬಳಸುವವರಿಗೆ ಒಂದೇ ಎಚ್ಚರಿಕೆ, ಶಾಖ. ಅಲಗು ಬರಿಬೆರಳಿಗೆ ಬಿಸಿ ಎನಿಸಿದರೆ ನೀರಿಗೆ ಅದ್ದಿ. ಬಾಯಿಯಲ್ಲಿ ಒಣಹುಲ್ಲಿನ ತಿಳಿಹಳದಿ ಬಣ್ಣ ಬಂತೆಂದರೆ ಉಕ್ಕು 220 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೆ, ನೀಲಿ ಬಂದರೆ 290 ದಾಟಿದೆ. ನೀಲಿಯಾದ ಜಾಗದ ಹದ ಹೋಯಿತು, ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ.

ಕೊನೆಗೆ 10 ಪಟ್ಟಿನ ಭೂತಗನ್ನಡಿಯಲ್ಲಿ ಬಾಯಿಯನ್ನು ನೋಡಿ. ಹಳ್ಳ ಬೆನ್ನಿನ ಹತ್ತಿರವಿದ್ದರೆ ಪರವಾಗಿಲ್ಲ. ಬಾಯಿಯ ಅಂಚಿನಿಂದ ಅರ್ಧ ಮಿ.ಮೀ. ಒಳಗೆ ಕಪ್ಪು ಹಳ್ಳಗಳ ಸಾಲಿದ್ದರೆ ಮಸೆದಾಗ ಅವೇ ಗರಗಸದ ಹಲ್ಲಾಗುತ್ತವೆ, ಅಷ್ಟು ಉಕ್ಕನ್ನು ತೆಗೆಯಲೇಬೇಕು.

ಮಸೆಗಲ್ಲು:
ಎರಡನೇ ತೊಂದರೆಗೆ ನಾನು ಬರೆಯುತ್ತೇನೆ. 12000ರ ಕಲ್ಲಿನಲ್ಲಿ ಎಷ್ಟು ಎಳೆದರೂ ಪ್ರಯೋಜನವಿಲ್ಲ ಸರ್, ಅದು ಹೊಳಪಿನ ಕಲ್ಲು, ಆಕಾರ ಕೊಡುವ ಕಲ್ಲಲ್ಲ. ನಿಮ್ಮ ಅಲಗಿನ ತುದಿಯಲ್ಲಿ ಬೆವೆಲ್ ಇನ್ನೂ ಕೂತೇ ಇಲ್ಲ. ಬೆವೆಲ್ ಅಂದರೆ ಬಾಯಿಯ ಎರಡೂ ಕಡೆಯ ಸಣ್ಣ ಇಳಿಜಾರು. ಎರಡು ಇಳಿಜಾರೂ ಒಂದೇ ಗೆರೆಯಲ್ಲಿ ಸೇರಿದರೆ ಹರಿತ, ಕೂದಲೆಳೆಯಷ್ಟು ಅಂತರ ಉಳಿದರೂ ಮೊಂಡು. ಆ ಕೆಲಸ ಮುಗಿಯಬೇಕಾದದ್ದು 1000ರಲ್ಲೇ.

ಮೊದಲು ಕಲ್ಲು ನೋಡಿ. ಪೆನ್ಸಿಲ್‌ನಲ್ಲಿ ಚೌಕಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ 220ರ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು ಉಜ್ಜಿ. ನಡುವೆ ಗೆರೆ ಉಳಿದರೆ ಕಲ್ಲು ತಗ್ಗಾಗಿದೆ. ಗೆರೆ ಎಲ್ಲ ಹೋಗುವ ತನಕ ಉಜ್ಜಿ. ತಗ್ಗಾದ ಕಲ್ಲಿನ ಮೇಲೆ ನೇರವಾದ ಅಲಗೂ ಒಂದೇ ಸಮ ಕೂರುವುದಿಲ್ಲ.

ಆಮೇಲೆ ಕಪ್ಪು ಪರ್ಮನೆಂಟ್ ಮಾರ್ಕರ್‌ನಿಂದ ಎರಡೂ ಕಡೆ ಬೆವೆಲಿಗೆ ಬಣ್ಣ ಹಚ್ಚಿ. 1000ರ ಮೇಲೆ ಬೆನ್ನು ಬಾಯಿ ಎರಡೂ ತಾಗುವಂತೆ ಮಲಗಿಸಿ, ಅಲಗಿನ ಭಾರವಷ್ಟೇ ಬಿಟ್ಟು ಐದು ಸಲ ಎಳೆಯಿರಿ. ಶಾಯಿ ಎಲ್ಲಿ ಉಳಿಯಿತು ಎಂದು ಬರೆಯಿರಿ.

ಕಡಲತೇವ:
ಕಲ್ಲು ತಗ್ಗಿತ್ತು, ಸರಿ ಮಾಡಾಯಿತು. ಶಾಯಿ ಬಲಗಡೆ ತುದಿಯಲ್ಲಿ ಉಳಿದಿದೆ, ಎಡಗಡೆ ಬುಡದಲ್ಲಿ ಉಳಿದಿದೆ.

ಮಸೆಗಲ್ಲು:
ಹಾಗಾದರೆ ಅಲಗು ಸ್ವಲ್ಪ ತಿರುಚಿದೆ. ಕೈಯಿಂದ ನೇರ ಮಾಡಲು ಹೋಗಬೇಡಿ, ಹದಗೊಂಡ ಉಕ್ಕು ಬಾಗುವುದಿಲ್ಲ, ಮುರಿಯುತ್ತದೆ. ಇಡೀ ಅಲಗನ್ನು ಕಲ್ಲಿನ ಅಗಲಕ್ಕೆ ಒತ್ತಿ ಕೂರಿಸಲೂ ಬೇಡಿ. ಬುಡದ ಕಡೆ ಬೆನ್ನು ಸವೆದು ಚಪ್ಪಟೆಯಾಗುತ್ತದೆ, ತುದಿ ಹಾಗೇ ಉಳಿಯುತ್ತದೆ.

ಕಲ್ಲಿನ ಒಂದು ಅಂಚಿನ 25 ಮಿ.ಮೀ. ಮಾತ್ರ ಬಳಸಿ. ಬುಡವನ್ನು ಕಲ್ಲಿನ ಮೇಲಿಟ್ಟು ಶುರು ಮಾಡಿ, ಬಾಯಿ ಮುಂದಾಗಿ ತಳ್ಳುತ್ತ ಪಕ್ಕಕ್ಕೂ ಎಳೆದು ತುದಿಯಲ್ಲಿ ಮುಗಿಸಿ, ಕೊನೆಗೆ ಮಣಿಕಟ್ಟನ್ನು ಕೂದಲೆಳೆಯಷ್ಟು ಎತ್ತಿ. ಆಗ ಕಲ್ಲು ಅಲಗಿನ ತಿರುವನ್ನು ಅನುಸರಿಸುತ್ತದೆ. ಹತ್ತು ಸಲಕ್ಕೊಮ್ಮೆ ಶಾಯಿ ಹಚ್ಚಿ ನೋಡಿ.

ಬೆನ್ನಿಗೆ ಒಂದು ಸುತ್ತು ಕರೆಂಟ್ ಟೇಪ್ ಅಂಟಿಸುವುದು ನನ್ನ ಮಟ್ಟಿಗೆ ಕಡ್ಡಾಯ. 5/8 ಅಗಲ, ಬೆನ್ನು 4.5 ಮಿ.ಮೀ. ದಪ್ಪವಿದ್ದರೆ ಕೋನ ಸುಮಾರು 16 ಡಿಗ್ರಿ, ಟೇಪಿನಿಂದ ಒಂದು ಡಿಗ್ರಿ ಹೆಚ್ಚುತ್ತದೆ, ಬೆನ್ನು ಉಳಿಯುತ್ತದೆ. 12000 ಮುಗಿಯುವ ತನಕ ಟೇಪ್ ಬಿಚ್ಚಬೇಡಿ, ಹರಿದರೆ ಅದೇ ದಪ್ಪದ್ದನ್ನೇ ಹಾಕಿ. ನಡುವೆ ಬಿಚ್ಚಿದರೆ ಕೋನ ಬದಲಾಗಿ ಬಾಯಿ ಕಲ್ಲಿಗೆ ತಾಗುವುದೇ ಇಲ್ಲ.

1000 ಮುಗಿಯಿತೆಂದು ತಿಳಿಯುವುದಕ್ಕೆ: ದೀಪದ ಕೆಳಗೆ ಬಾಯಿಯನ್ನು ನೇರವಾಗಿ ಮೇಲಿಂದ ನೋಡಿ. ಬಿಳಿ ಚುಕ್ಕೆ ಹೊಳೆದಲ್ಲಿ ಇನ್ನೂ ಮೊಂಡು. ಸೆಂಟಿಮೀಟರಿಗೊಂದು ಕಡೆ ತೋಳಿನ ಕೂದಲು ಒಂದೇ ರೀತಿ ಬೀಳಬೇಕು. ಆಮೇಲೆ 3000ದಲ್ಲಿ 40, 8000ದಲ್ಲಿ 40, 12000ದಲ್ಲಿ 20 ಸುತ್ತು, ಒತ್ತಡ ಕಡಿಮೆಯಾಗುತ್ತಲೇ ಹೋಗಲಿ. ಕೊನೆಗೆ ಬಟ್ಟೆಯ ಮೇಲೆ 30, ಚರ್ಮದ ಪಟ್ಟಿಯ ಮೇಲೆ 60. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿ ಸಡಿಲವಾಗಿ ಜೋತರೆ ಬಾಯಿ ಉರುಳಿಹೋಗುತ್ತದೆ, ಬಿಗಿಯಾಗಿ ಹಿಡಿಯಿರಿ.

ಕಡಲತೇವ:
ತುದಿ ಬಂತು! ಈಗ ಬುಡದಿಂದ ತುದಿಯ ತನಕ ಒಂದೇ ಸಮ. ಹೊಸ ಹಿಡಿಗೆ ಹಳೇ ಬೀಟೆ ಮರದ 3 ಮಿ.ಮೀ. ಪಟ್ಟಿ ಇದೆ. ಮೊಳೆ ಯಾವುದು?

ಉಕ್ಕಿನಹದ:
1.6 ಮಿ.ಮೀ. ಹಿತ್ತಾಳೆ ಕಡ್ಡಿ. ಪಟ್ಟಿಗಳನ್ನು 2.5 ಮಿ.ಮೀ.ಗೆ ಇಳಿಸಿ, ಎರಡನ್ನೂ ಒಟ್ಟಿಗೆ ಕಟ್ಟಿ ತೂತು ಕೊರೆಯಿರಿ. ಒಳಮೈಗೂ ಪಾಲಿಯುರೆಥೇನ್ ವಾರ್ನಿಷ್ ತೆಳ್ಳಗೆ ಮೂರು ಸಲ ಹೊಡೆದು ಪೂರ್ತಿ ಒಣಗಲು ಬಿಡಿ, ಬರಿ ಮರ ನಿಮ್ಮೂರಿನಲ್ಲಿ ನೀರು ಕುಡಿದು ಬಾಗುತ್ತದೆ. ಮೊಳೆ ಬಡಿಯುವ ಮೊದಲು ಎಂ1.6 ಸ್ಕ್ರೂ ನಟ್ಟು ಹಾಕಿ ಜೋಡಿಸಿ ಮಡಚಿ ನೋಡಿ. ಅಲಗು ಒಂದು ಪಟ್ಟಿಗೆ ಉಜ್ಜಿದರೆ ಹಿಡಿಯ ಬಾಲದ ಕಡೆ ಎರಡು ಪಟ್ಟಿಗಳ ನಡುವೆ ಕೂರುವ ಬೆಣೆಯನ್ನು ಒಂದು ಬದಿ ತುಸು ತೇಯ್ದು ನಡುವಿಗೆ ತನ್ನಿ. ನಿಮ್ಮ ಅಲಗು ತಿರುಚಿರುವುದರಿಂದ ಇದು ಖಂಡಿತ ಬೇಕಾಗುತ್ತದೆ.

ಬೆಣೆಯ ಕಡೆಯ ಮೊಳೆ ಮೊದಲು, ಅಲಗಿನದು ಆಮೇಲೆ. ವಾಷರಿನಿಂದ ಮೇಲೆ 1 ಮಿ.ಮೀ.ಗಿಂತ ಹೆಚ್ಚು ಕಡ್ಡಿ ಬಿಡಬೇಡಿ, ಹೆಚ್ಚಾದರೆ ತಲೆ ಬಾಗುತ್ತದೆ. ಅಕ್ಕಸಾಲಿಗರ ಸಣ್ಣ ಸುತ್ತಿಗೆಯ ಗುಂಡು ಮುಖದಿಂದ ತಲೆಯ ಅಂಚಿನ ಸುತ್ತ ಮೆಲ್ಲಗೆ ತಟ್ಟಿ, ಹತ್ತು ಏಟಿಗೊಮ್ಮೆ ಮಗುಚಿ. ಅಲಗನ್ನು ಅರ್ಧ ತೆರೆದು ಬಿಟ್ಟಾಗ ತಾನಾಗಿ ಬೀಳದೆ ನಿಂತರೆ, ಅಲ್ಲಿಗೆ ಸುತ್ತಿಗೆ ಕೆಳಗಿಡಿ. ಇನ್ನೆರಡು ಏಟು ಹಾಕಿದರೆ ಬೀಟೆ ತೂತಿನಿಂದಲೇ ಸೀಳುತ್ತದೆ.