ಅತ್ತೆ, ದೊಡ್ಡಪ್ಪ, ಪುಟ್ಟಿ: ಮೂವರ ಪ್ರಶ್ನೆಗೂ ಒಟ್ಟಿಗೇ ಉತ್ತರ

ಎಲ್ಲರಿಗೂ ನಮಸ್ಕಾರ. ಗೂಬೆ ಫೋಟೊ ಹಾಕಿದ್ದೇ ಹಾಕಿದ್ದು, ಗುಂಪಿನಲ್ಲಿ ಪ್ರಶ್ನೆಗಳ ಮೇಲೆ ಪ್ರಶ್ನೆ ಬಂದಿವೆ. ಒಟ್ಟಿಗೇ ಹೇಳಿಬಿಡುತ್ತೇನೆ, ಉದ್ದ ಆಗುತ್ತದೆ, ಪುರುಸೊತ್ತಾದಾಗ ನೋಡಿ. ಚಳಿಗಾಲದಲ್ಲಿ ಹಕ್ಕಿಗಳೆಲ್ಲ ದಕ್ಷಿಣಕ್ಕೆ ಹೋಗುವಾಗ ನೀವು ಉತ್ತರಕ್ಕೆ ಹೋಗಿ ಏನು ನೋಡಿದಿರಿ ಅಂತ ಅತ್ತೆ ಕೇಳಿದ್ದಾರೆ. ಅಂಥ ಚಳಿಯಲ್ಲಿ ಅಷ್ಟು ಸಣ್ಣ ಹಕ್ಕಿ ಹೇಗೆ ಬದುಕುತ್ತದೆ ಅಂತ ದೊಡ್ಡಪ್ಪ. ಗೂಬೆ ಇದ್ದ ಜಾಗದ ಲೊಕೇಶನ್ ಕಳಿಸು ಅಂತ ಪುಟ್ಟಿ.

ಅತ್ತೆ, ನೀವು ಹೇಳಿದ್ದು ಸರಿ. ಇಲ್ಲಿ, ಅಂದರೆ ಅಮೆರಿಕದ ಉತ್ತರದ ಮಿನ್ನೆಸೋಟ ರಾಜ್ಯದಲ್ಲಿ, ಬೇಸಿಗೆ ಕಳೆಯುವ ಹಕ್ಕಿಗಳಲ್ಲಿ ಬಹಳಷ್ಟು ದಕ್ಷಿಣಕ್ಕೇ ಹೋಗುತ್ತವೆ. ಆದರೆ ಕೆನಡಾದ ಕಾಡುಗಳಲ್ಲಿ, ಅದಕ್ಕೂ ಮೇಲೆ ಆರ್ಕ್ಟಿಕ್ ಬಯಲಿನಲ್ಲಿ ಬೇಸಿಗೆ ಕಳೆದ ಹಕ್ಕಿಗಳಿಗೆ ಮಿನ್ನೆಸೋಟವೇ ದಕ್ಷಿಣ! ಅವು ಚಳಿಗಾಲ ಕಳೆಯೋಕೆ ಇಳಿದು ಬರುವುದು ಇಲ್ಲಿಗೆ. ಹಾಗಾಗಿ ಈ ಕಾಡಿನ ಹಕ್ಕಿ ನೋಡಬೇಕು ಅಂದರೆ ಡಿಸೆಂಬರ್‌ನಿಂದ ಮಾರ್ಚ್ ಶುರುವಿನವರೆಗೆ ಬರಬೇಕು. ಬೇಸಿಗೆಯಲ್ಲಿ ಬಂದರೆ ಸೊಳ್ಳೆ ಮಾತ್ರ ಜಾಸ್ತಿ.

ನಾವು ಗೆಳೆಯರು ಹೋಗಿದ್ದು ಸ್ಯಾಕ್ಸ್-ಜಿಮ್ ಬಾಗ್ ಎಂಬ ಜಾಗಕ್ಕೆ. ಮಿನಿಯಾಪೊಲಿಸ್‌ನಿಂದ ಮೂರು ಗಂಟೆಯ ದಾರಿ, ಡುಲುತ್‌ನಿಂದ ವಾಯವ್ಯಕ್ಕೆ. ಸುಮಾರು 300 ಚದರ ಮೈಲಿ ಜೌಗು ನೆಲ. ಕೆಳಗೆ ಪಾಚಿಯ ದಪ್ಪ ಹಾಸು, ಮೇಲೆ ಸಣಕಲು ಬ್ಲ್ಯಾಕ್ ಸ್ಪ್ರೂಸ್ ಮರಗಳು. ನಡುನಡುವೆ ಟ್ಯಾಮರಾಕ್. ಅದೂ ಪೈನ್ ಜಾತಿಯ ಮರವೇ, ಆದರೆ ಶರತ್ಕಾಲಕ್ಕೆ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ. ಫೋಟೊದಲ್ಲಿ ಒಣಗಿ ನಿಂತಂತೆ ಕಾಣುವ ಮರಗಳು ಸತ್ತಿಲ್ಲ. ಇಷ್ಟರ ಮಧ್ಯೆ ಹುಲ್ಲುಗಾವಲು, ರೈತರ ಹೊಲ, ನೇರ ಮಣ್ಣಿನ ರಸ್ತೆಗಳು. ಹಕ್ಕಿ ನೋಡುವುದೆಲ್ಲ ಹೆಚ್ಚಾಗಿ ಕಾರಿನಿಂದಲೇ.

ಈಗ ಗೂಬೆ. ಗ್ರೇಟ್ ಗ್ರೇ ಅಂತ ಅದರ ಹೆಸರು. ಎರಡು ಅಡಿಗಿಂತ ಎತ್ತರ, ನೋಡಿದರೆ ನಾಲ್ಕೈದು ಕಿಲೊ ಇರಬಹುದು ಅನಿಸುತ್ತದೆ. ಇರುವುದು ಒಂದು ಕಿಲೊ ಆಚೀಚೆ, ಉಳಿದದ್ದೆಲ್ಲ ಪುಕ್ಕ. ಮುಖದ ತುಂಬ ಮರ ಕೊಯ್ದಾಗ ಕಾಣುವ ಸುತ್ತುಗಳಂತೆ ಬೂದು ಗೆರೆಗಳು, ನಡುವೆ ಪುಟ್ಟ ಹಳದಿ ಕಣ್ಣು. ಆ ಅಗಲ ಮುಖದ ಕೆಲಸ ಸದ್ದು ಹಿಡಿದು ಕಿವಿಗೆ ಕಳಿಸುವುದು. ಎರಡು ಕಿವಿಗಳೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಒಂದು ಮೇಲೆ, ಒಂದು ಕೆಳಗೆ. ಅದರಿಂದಲೇ ಸದ್ದು ಎಷ್ಟು ಎತ್ತರದಿಂದ ಬಂತು ಅಂತ ಅದಕ್ಕೆ ಗೊತ್ತಾಗುತ್ತದೆ.

ನಾವು ನೋಡಿದ ಗೂಬೆ ರಸ್ತೆಬದಿಯ ಸ್ಪ್ರೂಸ್ ತುದಿಯಲ್ಲಿ ಕೂತಿತ್ತು. ಇಂಜಿನ್ ಆಫ್ ಮಾಡಿ ಕಾದೆವು. ನಮ್ಮ ಕಡೆ ಒಮ್ಮೆ ನೋಡಿ ಮತ್ತೆ ಹಿಮದ ಕಡೆಗೇ ಮುಖ ಮಾಡಿತು. ತಲೆ ಚೂರು ಎಡಕ್ಕೆ, ಚೂರು ಬಲಕ್ಕೆ. ಆಮೇಲೆ ಇಳಿದು ಬಂದು, ಹಿಮದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆ ಕೆಳಗೆ ಮಾಡಿ ಬಿದ್ದೇಬಿಟ್ಟಿತು! ಎದೆವರೆಗೆ ಹಿಮದಲ್ಲಿ ಹೂತು ಹೋಯಿತು. ಎದ್ದಾಗ ಕಾಲಲ್ಲಿ ವೋಲ್ ಇತ್ತು, ಅಂದರೆ ಗಿಡ್ಡ ಬಾಲದ ಇಲಿ. ಒಂದೂವರೆ ಅಡಿ ಹಿಮದ ಕೆಳಗೆ ಇಲಿ ಓಡಾಡುವ ಸದ್ದು ಕೂಡ ಅದಕ್ಕೆ ಕೇಳಿಸುತ್ತದೆ. ಗಾಳಿಯಲ್ಲಿ ನಿಂತಿದ್ದಕ್ಕೂ ಕಾರಣ ಇದೆ. ಓರೆಯಿಂದ ಕೇಳಿದರೆ ಹಿಮ ಸದ್ದಿನ ದಾರಿ ತಪ್ಪಿಸುತ್ತದೆ, ನೇರ ಮೇಲಿನಿಂದ ಕೇಳಿದರೆ ಜಾಗ ಸರಿಯಾಗಿ ಸಿಗುತ್ತದೆ. ಇದನ್ನು ಕೆನಡಾದ ಮ್ಯಾನಿಟೋಬಾದಲ್ಲಿ ವಿಜ್ಞಾನಿಗಳು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ್ದಾರೆ.

ಉತ್ತರದಲ್ಲಿ ಈ ವೋಲ್‌ಗಳು ಕಡಿಮೆಯಾದ ವರ್ಷ ಗೂಬೆಗಳು ಗುಂಪುಗುಂಪಾಗಿ ಇಳಿದು ಬರುತ್ತವೆ. 2004-05ರ ಚಳಿಗಾಲದಲ್ಲಿ ಮಿನ್ನೆಸೋಟ ಒಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ಗ್ರೇಟ್ ಗ್ರೇ ಗೂಬೆಗಳು ದಾಖಲಾದವು. ಹಸಿದು ಬಂದ ಹಕ್ಕಿಗಳು, ಸುಮಾರು ಕಾರಿಗೆ ಸಿಕ್ಕಿ ಸತ್ತವು.

ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಲೊಕೇಶನ್ ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ. ಒಂದು ಗುಂಪಿನಲ್ಲಿ ಹಾಕಿದ್ದು ಸಂಜೆಯೊಳಗೆ ಹತ್ತು ಗುಂಪಿಗೆ ಹೋಗುತ್ತದೆ. ಬೆಳಗಾದರೆ ಆ ಮರದ ಕೆಳಗೆ ಸಾಲು ಕಾರು. ಆ ಗೂಬೆ ಬೇಟೆ ಆಡುವುದು ಕಿವಿಯಿಂದ ಅಂದೆನಲ್ಲ, ಬಾಗಿಲು ದಡಾರ್ ಅಂದರೆ, ಜನ ಹಿಮದಲ್ಲಿ ಕರಕರ ನಡೆದರೆ ಅದಕ್ಕೆ ಊಟ ಇಲ್ಲ. ಇನ್ನು ಕೆಲವರು ಅಂಗಡಿಯಿಂದ ಇಲಿ ತಂದು ಎಸೆಯುತ್ತಾರೆ, ಗೂಬೆ ಕ್ಯಾಮೆರಾ ಕಡೆಗೇ ಹಾರಿ ಬರಲಿ ಅಂತ. ನನಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಕಾರು ನಿಂತರೆ ಊಟ ಸಿಗುತ್ತದೆ ಅಂತ ಕಲಿತ ಗೂಬೆ ರಸ್ತೆಗೇ ಬರುತ್ತದೆ. ಆಮೇಲೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಪ್ಪ, ನೀವು ಕೇಳಿದ್ದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಚಿಕಡೀ ಅಂತ ಒಂದು ಹಕ್ಕಿ, ತೂಕ ಹನ್ನೊಂದು ಹನ್ನೆರಡು ಗ್ರಾಂ. ಹಗಲು ಅದರ ಮೈ ಬಿಸಿ ಸುಮಾರು 42 ಡಿಗ್ರಿ. ರಾತ್ರಿ ಅದನ್ನು ಬೇಕೆಂದೇ ಹತ್ತು ಹನ್ನೆರಡು ಡಿಗ್ರಿ ಇಳಿಸಿಕೊಂಡು, ಮರದ ಪೊಟರೆಯಲ್ಲಿ ಮುದುಡಿ ಮಲಗುತ್ತದೆ. ಕೊಬ್ಬು ಬೆಳಗಿನವರೆಗೆ ಸಾಲಬೇಕಲ್ಲ. ರೆಡ್‌ಪೋಲ್ ಅನ್ನುವ ಇನ್ನೊಂದು ಸಣ್ಣ ಹಕ್ಕಿ ಇನ್ನೂ ಜಾಣ. ಗಂಟಲಲ್ಲಿ ಒಂದು ಚೀಲ ಇದೆ, ಕತ್ತಲಾಗುವ ಮುಂಚೆ ಅದರಲ್ಲಿ ಬೀಜ ತುಂಬಿಕೊಂಡು ರಾತ್ರಿ ನಿಧಾನಕ್ಕೆ ಅರಗಿಸಿಕೊಳ್ಳುತ್ತದೆ. ಮೈನಸ್ ಮೂವತ್ತರ ರಾತ್ರಿಯೂ ಹೀಗೇ ಕಳೆಯಬೇಕು.

ಆದರೆ ನನ್ನ ಮನಸ್ಸು ಹೆಚ್ಚು ಹಿಡಿದದ್ದು ಕೆನಡಾ ಜೇ ಎಂಬ ಹಕ್ಕಿ. ಬೂದು ಬಣ್ಣ, ದುಂಡು ತಲೆ, ಜನರ ಹೆದರಿಕೆ ಕಡಿಮೆ. ಒಂದು ಜೇ ನಮ್ಮ ಕಣ್ಣೆದುರೇ ಏನನ್ನೋ ಬಾಯಲ್ಲಿ ಹೊರಳಿಸಿ, ಅಂಟು ಎಂಜಲು ಮೆತ್ತಿ, ಸ್ಪ್ರೂಸ್ ತೊಗಟೆಯ ಸಂದಿಗೆ ಒತ್ತಿತು. ಮೇಲೊಂದು ಚೂರು ಕಲ್ಲುಹೂವು ಮುಚ್ಚಿ ಹಾರಿತು. ಹೀಗೆ ಸಾವಿರಾರು ಕಡೆ ಬಚ್ಚಿಟ್ಟು ಚಳಿಗಾಲವೆಲ್ಲ ತಿನ್ನುತ್ತದೆ, ಹಿಮ ಇರುವಾಗಲೇ ಮೊಟ್ಟೆ ಇಡುತ್ತದೆ. ಚಳಿಯೇ ಅದರ ಫ್ರಿಜ್ಜು. ಶರತ್ಕಾಲ ಬೆಚ್ಚಗಾದರೆ ಬಚ್ಚಿಟ್ಟ ಆಹಾರ ಕೆಡುತ್ತದೆ. ಕೆನಡಾದ ಆಲ್ಗೊಂಕ್ವಿನ್ ಪಾರ್ಕಿನಲ್ಲಿ ಈ ಹಕ್ಕಿಗಳು ಕಡಿಮೆಯಾಗಿರುವುದಕ್ಕೆ ಇದೇ ಕಾರಣ ಅಂತ ದಶಕಗಳಿಂದ ಅವುಗಳನ್ನು ಗಮನಿಸಿದವರು ಹೇಳುತ್ತಾರೆ. ಚಳಿ ಕಡಿಮೆಯಾದರೆ ಹಕ್ಕಿಗೆ ಒಳ್ಳೆಯದಲ್ವಾ ಅಂತ ನಮ್ಮ ಜೊತೆ ಬಂದ ಗೆಳತಿ ಕೇಳಿದಳು. ಈ ಹಕ್ಕಿಗೆ ಅದೇ ಕಷ್ಟ. ಅದನ್ನು ನೋಡಿದಾಗಿನಿಂದ ನನಗೆ ಇದೇ ಯೋಚನೆ.

ಪುಟ್ಟಿ, ಫೆಬ್ರವರಿಯಲ್ಲಿ ನೀನು ಮಿನಿಯಾಪೊಲಿಸ್‌ಗೆ ಬರುವವಳಿದ್ದೀಯಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ. ಮೊದಲು ಫ್ರೆಂಡ್ಸ್ ಆಫ್ ಸ್ಯಾಕ್ಸ್-ಜಿಮ್ ಬಾಗ್ ಸಂಸ್ಥೆಯವರ ವೆಲ್‌ಕಮ್ ಸೆಂಟರ್‌ಗೆ ಹೋಗೋಣ, ಹಕ್ಕಿಗೆ ಕಾಳು ಇಡುವ ಜಾಗಗಳೆಲ್ಲ ಅಲ್ಲಿನ ಮ್ಯಾಪಿನಲ್ಲಿವೆ. ಅಂಥ ಕಡೆ ಯಾರು ಬೇಕಾದರೂ ನಿಂತು ನೋಡಬಹುದು. ಗೂಬೆ ಸಿಕ್ಕರೆ ಸಿಕ್ಕಿತು. ಬೆಳಕು ಹರಿಯುವಾಗ ಮತ್ತು ಸಂಜೆ ಕತ್ತಲಾಗುವ ಮುಂಚೆ ಚಾನ್ಸ್ ಜಾಸ್ತಿ. ಕ್ಯಾಮೆರಾ ಬ್ಯಾಟರಿ ಒಂದು ಹೆಚ್ಚಿಗೆ ತಾ, ಅದು ಒಳಜೇಬಲ್ಲೇ ಇರಲಿ, ಹೊರಗಿಟ್ಟರೆ ಬೇಗ ಇಳಿಯುತ್ತದೆ. ಫೋಟೊ ತೆಗೆಯುವಾಗ ಕಾರಿನ ಹೀಟರ್ ಆಫ್ ಇರಬೇಕು, ಕಿಟಕಿಯಿಂದ ಹೊರಗೆ ಹೋಗುವ ಬಿಸಿ ಗಾಳಿಗೆ ಚಿತ್ರವೆಲ್ಲ ಅಲುಗಿದ ಹಾಗೆ ಬರುತ್ತದೆ. ಬೂಟು ಮಾತ್ರ ಒಂದು ಸೈಜ್ ದೊಡ್ಡದೇ ಬೇಕು, ಒಳಗೆ ಉಣ್ಣೆ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಬೇಕು. ಬಿಗಿಯಾದರೆ ಕಾಲು ಮರಗಟ್ಟುತ್ತದೆ. ಇಲ್ಲೇ ತೆಗೆದಿಡುತ್ತೇನೆ, ನಿನ್ನ ಅಳತೆ ಇವತ್ತೇ ಕಳಿಸು.